ಗೋಲಿ ಯಾಕೆ ನಿಂತಿತು?

ಐದನೇ ತರಗತಿಯ ಮಕ್ಕಳ ಮುಂದೆ ನಿಂತು ‘ಬಲ ಅಂದ್ರೆ ಏನು?’ ಎಂದು ಕೇಳಿದೆ. ಮುಂದಿನ ಸಾಲಿನ ಹುಡುಗ ಥಟ್ಟನೆ ಬಲಗೈ ಎತ್ತಿದ. ಪಕ್ಕದವಳು ‘ಅದಲ್ಲ ಕಣೋ’ ಎಂದು ಅವನನ್ನು ಗದರಿ, ‘ಭೀಮನಿಗೆ ಇತ್ತಲ್ಲ ಸಾರ್, ಅದು’ ಎಂದಳು. ಹಿಂದಿನಿಂದ ಇನ್ನೊಂದು ದನಿ: ‘ಮುದ್ದೆ ತಿಂದ್ರೆ ಬರುತ್ತೆ ಸಾರ್.’ ಮೂವರಲ್ಲಿ ಯಾರೂ ತಪ್ಪು ಹೇಳಲಿಲ್ಲ. ಕನ್ನಡದಲ್ಲಿ ಆ ಪದ ಈ ಎಲ್ಲಕ್ಕೂ ಸಲ್ಲುತ್ತದೆ. ಪಠ್ಯಪುಸ್ತಕ ಹೇಳುವ ಅರ್ಥ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಪ್ರಶ್ನೆ ಬಿಟ್ಟು ಗೋಲಿ ಹಿಡಿದೆವು. ಪರೀಕ್ಷೆಗೆ ಒಯ್ಯುವ ರಟ್ಟನ್ನು ಎರಡು ಪುಸ್ತಕಗಳ ಮೇಲೆ ಒರಗಿಸಿದರೆ ಒಳ್ಳೆಯ ಇಳಿಜಾರು. ಕೆಳಗೆ ಗೋಣಿಚೀಲ ಹಾಸಿ ಬಿಟ್ಟಾಗ ಗೋಲಿ ಎರಡು ಗೇಣು ಹೋಗಿ ನಿಂತಿತು. ಚೀಲ ತೆಗೆದು ಬಿಟ್ಟಾಗ ಸಿಮೆಂಟು ನೆಲದ ಮೇಲೆ ಬಾಗಿಲವರೆಗೂ ಓಡಿತು. ‘ಯಾಕೆ ನಿಂತಿತು?’ ಎಂದೆ. ‘ಸುಸ್ತಾಯ್ತು’ ಎಂದ ಒಬ್ಬ. ಭೀಮನ ಹುಡುಗಿ ಅವನನ್ನೂ ತಿದ್ದಿದಳು: ‘ಅದರೊಳಗಿದ್ದ ಬಲ ಖಾಲಿಯಾಯ್ತು.’

ಈ ‘ಖಾಲಿಯಾಯ್ತು’ ಎಂಬ ಉತ್ತರವನ್ನು ಏನು ಮಾಡಬೇಕು? ಅಳಿಸಬೇಕೇ, ತಿದ್ದಬೇಕೇ, ಅದರ ಮೇಲೇ ಕಟ್ಟಬೇಕೇ, ಅಥವಾ ಎಂಟನೇ ತರಗತಿಯವರೆಗೆ ಸುಮ್ಮನಿರಬೇಕೇ? ಚಿಕ್ಕ ಮಕ್ಕಳಿಗೆ ಬಲ ಮತ್ತು ಚಲನೆ ಕಲಿಸುವ ವಿಚಾರದಲ್ಲಿ ಸುಮಾರು ನೂರು ವರ್ಷಗಳಿಂದ ನಡೆದಿರುವ ಜಗಳದ ಗಂಟು ಇಲ್ಲಿದೆ.

ಹುಡುಗಿಯ ಹಿಂದೆ ಕಣಾದ

ಗೋಲಿಯ ಬಗ್ಗೆ ಆ ಹುಡುಗಿ ಹೇಳಿದ್ದನ್ನು ದೊಡ್ಡ ದೊಡ್ಡವರೂ ಹೇಳಿದ್ದಾರೆ. ನಮ್ಮ ಕಣಾದ ಮುನಿಯ ವೈಶೇಷಿಕ ದರ್ಶನದಲ್ಲಿ ಬಾಣದ ಚರ್ಚೆ ಬರುತ್ತದೆ. ಹೆದೆಯ ನೂಕಿನಿಂದ ಬಾಣಕ್ಕೆ ಮೊದಲ ಚಲನೆ, ಆಮೇಲೆ ಅದರಲ್ಲಿ ಹುಟ್ಟಿದ ಸಂಸ್ಕಾರದಿಂದ ಮುಂದಿನ ಚಲನೆ, ಆ ಸಂಸ್ಕಾರ ಇಲ್ಲವಾದಾಗ ಗುರುತ್ವದಿಂದ ಬೀಳುವಿಕೆ. ಈ ಸಂಸ್ಕಾರಕ್ಕೆ ಅವರಿಟ್ಟ ಹೆಸರು ‘ವೇಗ’. ಹದಿನಾಲ್ಕನೇ ಶತಮಾನದ ಪ್ಯಾರಿಸ್‌ನಲ್ಲಿ ಝಾನ್ ಬುರಿಡಾನ್ ಹೆಚ್ಚುಕಡಿಮೆ ಇದನ್ನೇ ‘ಇಂಪೆಟಸ್’ ಎಂದು ಕರೆದ. ಎಸೆದವನು ಎಸೆದ ವಸ್ತುವಿಗೆ ಏನನ್ನೋ ಕೊಟ್ಟು ಕಳಿಸುತ್ತಾನೆ ಎಂಬುದು ಇವರೆಲ್ಲರ ಮಾತು. ಅರಿಸ್ಟಾಟಲ್ ಅಷ್ಟೂ ಒಪ್ಪಿರಲಿಲ್ಲ. ಅವನ ಪ್ರಕಾರ ಚಲಿಸುವುದಕ್ಕೆ ಚಲಿಸುವಷ್ಟು ಹೊತ್ತೂ ಹೊರಗಿನಿಂದ ನೂಕುವವನೊಬ್ಬ ಬೇಕು.

ಇದನ್ನು ಮುರಿದವನು ಗೆಲಿಲಿಯೊ. ಕಂಚಿನ ಗುಂಡನ್ನು ನುಣುಪಾದ ತೋಡಿನ ಇಳಿಜಾರಿನಲ್ಲಿ ಉರುಳಿಸಿ, ಪಾತ್ರೆಯಿಂದ ಸೋರಿದ ನೀರನ್ನು ತೂಗಿ ಕಾಲ ಅಳೆದದ್ದನ್ನು ಅವನು 1638ರ ಪುಸ್ತಕದಲ್ಲಿ ಬರೆದಿದ್ದಾನೆ. ನ್ಯೂಟನ್‌ನ ‘ಪ್ರಿನ್ಸಿಪಿಯಾ’ ಬಂದದ್ದು 1687ರಲ್ಲಿ. ಇವರಿಬ್ಬರ ನಡುವೆ ಪ್ರಶ್ನೆಯೇ ತಲೆಕೆಳಗಾಯಿತು. ಅಲ್ಲಿಯವರೆಗೆ ‘ಯಾಕೆ ಚಲಿಸುತ್ತಿದೆ?’ ಎಂದು ಕೇಳುತ್ತಿದ್ದರು. ಇನ್ನು ಮೇಲೆ ‘ಯಾಕೆ ನಿಂತಿತು, ಯಾಕೆ ತಿರುಗಿತು, ಯಾಕೆ ಜೋರಾಯಿತು?’ ಎಂದು ಕೇಳಬೇಕಾಯಿತು. ಅರಿಸ್ಟಾಟಲ್‌ನಿಂದ ಇಲ್ಲಿಗೆ ಬರಲು ಮನುಷ್ಯಕುಲಕ್ಕೆ ಎರಡು ಸಾವಿರ ವರ್ಷ ಹಿಡಿಯಿತು. ನಾವು ಅದಕ್ಕೆ ನಲವತ್ತು ನಿಮಿಷದ ಒಂದು ಪೀರಿಯಡ್ ಕೊಡುತ್ತೇವೆ.

ಹಾಗೆಂದು ಪ್ರತಿ ಮಗುವೂ ಒಬ್ಬ ಪುಟ್ಟ ಅರಿಸ್ಟಾಟಲ್ ಎಂದುಬಿಡುವುದು ಸುಲಭದ ಮಾತು, ಅಷ್ಟೇ ಮೋಸದ ಮಾತು. ಅರಿಸ್ಟಾಟಲ್‌ಗೆ ಒಂದು ಪೂರ್ಣ ವ್ಯವಸ್ಥೆ ಇತ್ತು. ಮಗುವಿಗೆ ಅಂಥದ್ದು ಇದೆಯೇ ಇಲ್ಲವೇ ಎಂಬುದೇ ಮುಂದೆ ನೋಡುವ ಒಂದು ದೊಡ್ಡ ವಾದ.

ಕಾಯಬೇಕು ಎಂದವರು, ಕಾಯಬಾರದು ಎಂದವರು

ಮಕ್ಕಳನ್ನೇ ಕೂರಿಸಿ ಇದನ್ನು ಕ್ರಮವಾಗಿ ಕೇಳಿದವನು ಜಿನೀವಾದ ಝಾನ್ ಪಿಯಾಜೆ. ಮೋಡ ಯಾಕೆ ಚಲಿಸುತ್ತದೆ, ನದಿ ಯಾಕೆ ಹರಿಯುತ್ತದೆ, ಸೈಕಲ್ ಹೇಗೆ ಓಡುತ್ತದೆ ಎಂದು ಕೇಳಿ ಪಡೆದ ಉತ್ತರಗಳನ್ನು 1927ರ ಪುಸ್ತಕದಲ್ಲಿ ಕೂಡಿಹಾಕಿದ. ಸೈಕಲ್ಲಿನ ಚಿತ್ರ ಬರೆಯಿರಿ ಎಂದರೆ ಚಿಕ್ಕವರು ಪೆಡಲನ್ನು ಒಂದು ಕಡೆ, ಚೈನನ್ನು ಇನ್ನೊಂದು ಕಡೆ ಬರೆದು ಎರಡಕ್ಕೂ ನಂಟೇ ಇಲ್ಲದಂತೆ ಬಿಡುತ್ತಿದ್ದರು. ಚಲಿಸುವ ವಸ್ತುವಿಗೆ ಜೀವವಿದೆ, ಮನಸ್ಸಿದೆ ಎನ್ನುತ್ತಿದ್ದರು. ನಮ್ಮ ‘ಸುಸ್ತಾಯ್ತು’ ಹುಡುಗ ಈ ಸಾಲಿಗೇ ಸೇರಿದವನು. ಚಲನೆ ಮತ್ತು ವೇಗದ ಬಗ್ಗೆ 1946ರಲ್ಲಿ ಬಂದ ಪುಸ್ತಕದಲ್ಲಿ ಇನ್ನೊಂದು ಪ್ರಯೋಗವಿದೆ. ಒಂದು ಉದ್ದದ ಸುರಂಗ, ಒಂದು ಗಿಡ್ಡ ಸುರಂಗ. ಎರಡು ಗೊಂಬೆಗಳು ಒಟ್ಟಿಗೆ ಹೊಕ್ಕು ಒಟ್ಟಿಗೆ ಹೊರಬರುತ್ತವೆ. ಯಾವುದು ಜೋರಾಗಿ ಹೋಯಿತು? ‘ಎರಡೂ ಒಂದೇ, ಒಟ್ಟಿಗೇ ಬಂದವಲ್ಲ’ ಎಂಬುದು ಚಿಕ್ಕವರ ಉತ್ತರ. ಉದ್ದದ ಸುರಂಗ ಕಣ್ಣೆದುರೇ ಇದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ.

ಇದರಿಂದ ಶಾಲೆಗಳು ತೆಗೆದ ಪಾಠ, ಕಾಯಬೇಕು ಎಂಬುದು. ವಯಸ್ಸು ಬಂದಾಗ ಬುದ್ಧಿ ಬರುತ್ತದೆ, ಅಲ್ಲಿಯವರೆಗೆ ಹೇಳಿದರೆ ಬಾಯಿಪಾಠ. 1957ರಲ್ಲಿ ರಷ್ಯಾದ ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕಕ್ಕೆ ಕಾಯುವ ತಾಳ್ಮೆ ಉಳಿಯಲಿಲ್ಲ. 1960ರಲ್ಲಿ ಜೆರೋಮ್ ಬ್ರೂನರ್, ಯಾವ ವಿಷಯವನ್ನಾದರೂ ಯಾವ ವಯಸ್ಸಿನ ಮಗುವಿಗಾದರೂ ಪ್ರಾಮಾಣಿಕವಾದ ಒಂದು ರೂಪದಲ್ಲಿ ಕಲಿಸಬಹುದು ಎಂದು ವಾದಿಸಿದ. ಆ ‘ಪ್ರಾಮಾಣಿಕ ರೂಪ’ ಯಾವುದೆಂದು ಹುಡುಕಲು ಹಣವೂ ಹರಿಯಿತು, ಭೌತವಿಜ್ಞಾನಿಗಳೂ ಬಂದರು.

ಅವರಲ್ಲಿ ಬರ್ಕ್ಲಿಯ ರಾಬರ್ಟ್ ಕಾರ್ಪ್ಲಸ್ ಹಿಡಿದ ದಾರಿ ಇವತ್ತಿಗೂ ನನಗೆ ಚೊಕ್ಕ ಅನ್ನಿಸುತ್ತದೆ. ಚಿಕ್ಕ ತರಗತಿಗೆ ‘ಬಲ’ ಎಂಬ ಪದವನ್ನೇ ಅವನು ತರಲಿಲ್ಲ. ‘ಪರಸ್ಪರ ಕ್ರಿಯೆ’ ಎಂಬುದನ್ನು ಮುಂದಿಟ್ಟ. ಎರಡು ವಸ್ತುಗಳು ಒಂದಕ್ಕೊಂದು ಏನೋ ಮಾಡುತ್ತಿವೆ, ಮಾಡುತ್ತಿವೆ ಎನ್ನಲು ನಿನ್ನ ಹತ್ತಿರ ಇರುವ ಸಾಕ್ಷಿ ಏನು? ಚಲನೆಗಾಗಿ ‘ಮಿಸ್ಟರ್ ಓ’ ಎಂಬ ಕಾಗದದ ಮನುಷ್ಯನನ್ನು ಮಾಡಿದ. ಮಿಸ್ಟರ್ ಓ ಎಲ್ಲವನ್ನೂ ತನ್ನ ಜಾಗದಿಂದಲೇ ಹೇಳುತ್ತಾನೆ: ನನ್ನ ಎಡಕ್ಕೆ, ನನ್ನ ಮುಂದೆ, ನನ್ನಿಂದ ದೂರ. ಬಸ್ಸು ಚಲಿಸುತ್ತಿದೆಯೋ ಕಿಟಕಿಯಾಚೆಯ ಮರ ಚಲಿಸುತ್ತಿದೆಯೋ ಎಂಬ ಪ್ರಶ್ನೆಗೆ ಏಳು ವರ್ಷದ ಮಗುವನ್ನು ಹೀಗೆ ಕರೆದೊಯ್ಯಬಹುದು ಎಂಬುದೇ ಅವನ ಸಾಧನೆ. ಅದೇ ಕಾಲದ ಡೇವಿಡ್ ಹಾಕಿನ್ಸ್ ಇನ್ನೂ ಮುಂದೆ ಹೋದ. ಮಕ್ಕಳಿಗೆ ಲೋಲಕಗಳನ್ನು ಕೊಟ್ಟು, ವಾರಗಟ್ಟಲೆ ಸುಮ್ಮನೆ ಕೈಯಾಡಿಸಲು ಬಿಡಿ ಎಂದು 1965ರಲ್ಲಿ ಬರೆದ. ಇಂಗ್ಲೆಂಡಿನ ನಫೀಲ್ಡ್ ಯೋಜನೆ ಕೂಡ ಹೆಚ್ಚುಕಡಿಮೆ ಇದೇ ಜಾಡಿನದು.

ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ‘ಖಾಲಿಯಾಯ್ತು’ ಎಂದಾಗ

1970ರ ದಶಕದ ಕೊನೆಗೆ ಒಂದು ಮುಜುಗರದ ಸಂಗತಿ ಬೆಳಕಿಗೆ ಬಂತು. ಪ್ಯಾರಿಸ್‌ನ ಲೊರಾನ್ಸ್ ವಿಯೆನ್ನೊ 1979ರಲ್ಲಿ, ಅಮೆರಿಕದ ಜಾನ್ ಕ್ಲೆಮೆಂಟ್ 1982ರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ಮೇಲಕ್ಕೆ ಚಿಮ್ಮಿದ ನಾಣ್ಯ ಇನ್ನೂ ಏರುತ್ತಿದೆ, ಗಾಳಿಯ ತಡೆ ಬಿಟ್ಟುಬಿಡಿ, ಅದರ ಮೇಲೆ ಯಾವ ಬಲಗಳಿವೆ? ಸರಿಯುತ್ತರ ಒಂದೇ, ಭೂಮಿಯ ಸೆಳೆತ. ಇಂಜಿನಿಯರಿಂಗ್ ಓದಲು ಬಂದವರಲ್ಲಿ ಬಹುಪಾಲು ಜನ ಮೇಲ್ಮುಖವಾಗಿ ಒಂದು ಬಾಣವನ್ನೂ ಬರೆದಿದ್ದರು: ‘ಕೈ ಕೊಟ್ಟ ಬಲ’. ಮೈಕೆಲ್ ಮೆಕ್‌ಕ್ಲಾಸ್ಕಿ ಮತ್ತು ಸಂಗಡಿಗರು ಸುರುಳಿ ಕೊಳವೆಯ ಚಿತ್ರ ಕೊಟ್ಟು, ಇದರಿಂದ ಹೊರಬಿದ್ದ ಗುಂಡು ಹೇಗೆ ಹೋಗುತ್ತದೆ ಎಂದು ಕೇಳಿದಾಗ ಹಲವರು ಬಾಗಿದ ಗೆರೆ ಎಳೆದರು. ಕೊಳವೆ ಗುಂಡಿಗೆ ಬಾಗುವ ಅಭ್ಯಾಸ ಮಾಡಿಸಿಬಿಟ್ಟಿದೆ ಎಂಬಂತೆ.

ಕಾಯುವುದರಿಂದ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿಗೆ ಅಲುಗಾಡಿತು. ಇಂಗ್ಲೆಂಡಿನ ರೋಸಲಿಂಡ್ ಡ್ರೈವರ್, ನ್ಯೂಜಿಲೆಂಡಿನ ರೋಜರ್ ಆಸ್ಬೋರ್ನ್ ಮುಂತಾದವರು, ಮಕ್ಕಳು ಖಾಲಿ ಸ್ಲೇಟಿನಂತೆ ತರಗತಿಗೆ ಬರುವುದಿಲ್ಲ, ಬರೆದುಕೊಂಡೇ ಬಂದಿರುತ್ತಾರೆ ಎಂದು ದಾಖಲೆ ಸಮೇತ ತೋರಿಸಿದರು. ಆ ಬರಹ ಎಷ್ಟು ಹಳೆಯದು ಎಂಬುದಕ್ಕೆ ಬ್ರೂಸ್ ಹುಡ್ 1995ರಲ್ಲಿ ಮಾಡಿದ ಪ್ರಯೋಗ ನೋಡಿ. ಅಡ್ಡಡ್ಡ ಬಾಗಿದ ಕೊಳವೆಯೊಳಗೆ ಚೆಂಡು ಬಿಟ್ಟರೆ ಎರಡು ವರ್ಷದ ಮಗು, ಕೊಳವೆ ಎತ್ತ ಹೋಗಿದೆ ಎಂದು ನೋಡದೆ, ಬಿಟ್ಟ ಜಾಗದ ನೇರ ಕೆಳಗೇ ಹುಡುಕುತ್ತದೆ. ವಸ್ತು ಕೆಳಕ್ಕೆ ಬೀಳುತ್ತದೆ ಎಂಬುದನ್ನು ನಾವು ಅದಕ್ಕೆ ಕಲಿಸಿರುವುದಿಲ್ಲ.

ಈ ಪಂಥ ಒಂದು ಸಂಗತಿಯನ್ನು ಚೆನ್ನಾಗಿ ವಿವರಿಸಿತು: ಪಾಠ ಚೆನ್ನಾಗಿ ಮಾಡಿದರೂ ಯಾಕೆ ಹಿಡಿಯುವುದಿಲ್ಲ ಎಂಬುದನ್ನು. ಆದರೆ ಇದರ ಹೆಸರಿನಲ್ಲಿ ‘ತಪ್ಪು ತಿಳಿವಳಿಕೆಗಳ ಪಟ್ಟಿ’ ಮಾಡುವ ಚಟವೂ ಬೆಳೆಯಿತು. ಪಟ್ಟಿ ಹಿಡಿದು ತರಗತಿಗೆ ಹೋದ ಶಿಕ್ಷಕನಿಗೆ ಮಗುವಿನ ಮಾತಿನಲ್ಲಿ ರೋಗ ಮಾತ್ರ ಕೇಳಿಸುತ್ತದೆ. ಜತೆಗೆ ಇನ್ನೊಂದು ಪೇಚು. ಇಂಗ್ಲೆಂಡಿನಲ್ಲಿ 1989ರಲ್ಲಿ ರಾಷ್ಟ್ರೀಯ ಪಠ್ಯಕ್ರಮ ಬಂದು ಪ್ರಾಥಮಿಕ ಶಾಲೆಯಲ್ಲೂ ವಿಜ್ಞಾನ ಕಡ್ಡಾಯವಾದಾಗ ಅಲ್ಲಿನ ಕೆಲವು ಸಂಶೋಧಕರು ಶಿಕ್ಷಕರನ್ನೇ ಪ್ರಶ್ನಿಸಿದರು. ಬಲ ಮತ್ತು ಗುರುತ್ವದ ಬಗ್ಗೆ ಶಿಕ್ಷಕರ ಉತ್ತರಗಳೂ ಮಕ್ಕಳ ಉತ್ತರಗಳ ಹಾಗೇ ಇದ್ದವು. ಇದರಲ್ಲಿ ನಗುವಂಥದ್ದೇನಿಲ್ಲ. ಆ ನಾಣ್ಯದ ಪ್ರಶ್ನೆಯನ್ನು ನಿಮ್ಮ ಮನೆಯಲ್ಲೇ ಕೇಳಿ ನೋಡಿ.

ಇಡೀ ಮನೆಯೋ, ಬಿಡಿ ಇಟ್ಟಿಗೆಗಳೋ

ಮಗುವಿನ ತಲೆಯಲ್ಲಿರುವುದು ಏನು? ಅಥೆನ್ಸಿನ ಸ್ಟೆಲ್ಲಾ ವೊಸ್ನಿಯಾಡು ಹೇಳುವುದು, ಅದೊಂದು ಸಿದ್ಧಾಂತ ಎಂದು. ಒರಟಾಗಿದ್ದರೂ ಕಟ್ಟಿದ ಮನೆ. ಅವರೂ ಇಯೊಆನಿಡೆಸ್ ಅವರೂ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಶುವಿಹಾರದಿಂದ ಒಂಬತ್ತನೇ ತರಗತಿಯವರೆಗಿನ 105 ಗ್ರೀಕ್ ಮಕ್ಕಳಿದ್ದರು. ಚಿಕ್ಕವರಲ್ಲಿ ಬಲವೆಂದರೆ ದೊಡ್ಡ, ಭಾರದ ವಸ್ತುವಿನ ಒಳಗೇ ಇರುವ ಗುಣ. ಸ್ವಲ್ಪ ದೊಡ್ಡವರಾದ ಮೇಲೆ ಅದು ನೂಕಿದಾಗ ವಸ್ತು ಗಳಿಸಿಕೊಂಡದ್ದು, ಅಂದರೆ ನಮ್ಮ ಹುಡುಗಿಯ ‘ಖಾಲಿಯಾಗುವ’ ಬಲ. ಆಮೇಲೆ ಇದಕ್ಕೆ ಗುರುತ್ವ ಬಂದು ಸೇರಿಕೊಳ್ಳುತ್ತದೆ. ಬಹುಪಾಲು ಮಕ್ಕಳು ಪ್ರಶ್ನೆ ಬದಲಾದರೂ ತಮ್ಮ ಅರ್ಥವನ್ನು ಬದಲಿಸಲಿಲ್ಲ ಎಂಬುದು ಅವರ ವಾದದ ಜೀವಾಳ.

ಆಂಡ್ರಿಯಾ ಡಿಸೆಸ್ಸಾ ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಅಲ್ಲಿ ಮನೆಯೇ ಇಲ್ಲ, ಅಂಗಳದಲ್ಲಿ ಚೆಲ್ಲಿದ ಇಟ್ಟಿಗೆಗಳಿವೆ. ಹೆಚ್ಚು ನೂಕಿದರೆ ಹೆಚ್ಚು ಫಲ, ನೂಕಿದತ್ತಲೇ ಹೋಗುತ್ತದೆ, ಎಲ್ಲವೂ ನಿಧಾನವಾಗಿ ಆರಿಹೋಗುತ್ತದೆ. ಇವು ಅನುಭವದಿಂದ ನೇರವಾಗಿ ಬಂದ ಚೂರುಗಳು. ಗಂಟೆಯ ನಾದವೂ ಹಾಗೇ ಆರುತ್ತದೆ, ಗೋಲಿಯೂ ಹಾಗೇ ಆರುತ್ತದೆ. ಸಂದರ್ಭಕ್ಕೆ ತಕ್ಕಂತೆ ಮಗು ಯಾವುದೋ ಒಂದನ್ನು ಎತ್ತಿಕೊಳ್ಳುತ್ತದೆ. 1982ರಲ್ಲಿ ಅವರು ಆರನೇ ತರಗತಿಯ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಆಡಲು ಒಂದು ಆಮೆ ಕೊಟ್ಟಿದ್ದರು. ಘರ್ಷಣೆಯಿಲ್ಲದ ಪರದೆಯ ಮೇಲೆ ಒಮ್ಮೆ ಒದ್ದರೆ ಹೋಗುತ್ತಲೇ ಇರುತ್ತದೆ. ಮೇಲಕ್ಕೆ ಹೋಗುತ್ತಿರುವ ಆಮೆಯನ್ನು ಬಲಗಡೆಯ ಗುರಿಗೆ ಮುಟ್ಟಿಸಬೇಕು. ಮಕ್ಕಳು ಅದನ್ನು ಬಲಕ್ಕೆ ತಿರುಗಿಸಿ ಒದೆಯುತ್ತಾರೆ, ಅದು ಓರೆಯಾಗಿ ಜಾರಿಹೋಗುತ್ತದೆ. ಮೊದಲಿದ್ದ ಚಲನೆ ಹಾಗೇ ಉಳಿದಿದೆ ಎಂಬುದು ಹೊಳೆಯುವುದಿಲ್ಲ. 2004ರಲ್ಲಿ ಡಿಸೆಸ್ಸಾ ಮತ್ತು ಸಂಗಡಿಗರು ಗ್ರೀಕ್ ಅಧ್ಯಯನವನ್ನು ಅಮೆರಿಕದ ಮಕ್ಕಳ ಮೇಲೆ ಮತ್ತೆ ನಡೆಸಿ, ಆ ಸ್ಥಿರತೆ ನಮಗೆ ಸಿಗಲಿಲ್ಲ ಎಂದರು. ಆಮೇಲೆ ಟರ್ಕಿ, ಚೀನಾ, ಮೆಕ್ಸಿಕೊ, ಫಿಲಿಪ್ಪೀನ್ಸ್ ಮಕ್ಕಳನ್ನೂ ಸೇರಿಸಿ ಹೋಲಿಕೆ ನಡೆಯಿತು. ವಾದ ಮುಗಿದಿಲ್ಲ.

ಪಂಡಿತರ ಜಗಳದಂತೆ ಕಂಡರೂ ಇದರ ಬಿಸಿ ತರಗತಿಗೆ ತಟ್ಟುತ್ತದೆ. ಮನೆಯಿದ್ದರೆ ಕೆಡವಬೇಕು: ಮಗುವಿನ ಊಹೆ ಸುಳ್ಳಾಗುವ ಪ್ರಯೋಗ ತೋರಿಸಿ ಬೆಚ್ಚಿಸಬೇಕು. ಇಟ್ಟಿಗೆಗಳಾದರೆ ಕೆಡವುವಂಥದ್ದು ಏನೂ ಇಲ್ಲ, ಆಯ್ದು ಜೋಡಿಸಬೇಕು. ಜಾನ್ ಕ್ಲೆಮೆಂಟ್ ಅವರ ಸೇತುವೆ ಉದಾಹರಣೆಗಳು ಎರಡನೆಯ ಬಗೆಯವು. ಮೇಜಿನ ಮೇಲಿನ ಪುಸ್ತಕವನ್ನು ಮೇಜು ಮೇಲಕ್ಕೆ ನೂಕುತ್ತಿದೆ ಎಂದರೆ ಯಾರೂ ನಂಬುವುದಿಲ್ಲ. ಮರದ ಮೇಜು ಏನು ನೂಕೀತು? ಸರಿ, ಸ್ಪ್ರಿಂಗನ್ನು ಕೈಯಿಂದ ಒತ್ತು. ನಿನ್ನ ಕೈಯನ್ನು ನೂಕುತ್ತಿದೆಯೇ? ಹೌದು. ಪುಸ್ತಕವನ್ನು ಮೆತ್ತನೆಯ ಫೋಮ್ ಮೇಲಿಡು. ಆಮೇಲೆ ಬಗ್ಗುವ ತೆಳು ಹಲಗೆಯ ಮೇಲಿಡು. ಮತ್ತೆ ಮೇಜಿಗೆ ಬಾ. ಮೇಜೂ ಕಣ್ಣಿಗೆ ಕಾಣದಷ್ಟು ಬಗ್ಗಿರಬಹುದಲ್ಲವೇ? ಮಗುವಿಗೆ ಮೊದಲೇ ಗೊತ್ತಿದ್ದ ಒಂದು ಚೂರು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ದೂರ ಸಾಗುತ್ತದೆ. ನನ್ನ ಒಲವು ಈ ಕಡೆಗೆ. ‘ಖಾಲಿಯಾಯ್ತು’ ಎಂದ ಹುಡುಗಿ ಗೋಲಿ ಏನನ್ನೋ ಒಯ್ಯುತ್ತಿದೆ ಎಂದು ಗುರುತಿಸಿದ್ದಾಳೆ. ಹೈಸ್ಕೂಲಿನಲ್ಲಿ ಅದಕ್ಕೆ ‘ಸಂವೇಗ’ ಎಂಬ ಹೆಸರು ಸಿಗುತ್ತದೆ. ಅವಳ ಇಟ್ಟಿಗೆ ಒಳ್ಳೆಯದೇ, ಮೇಲೆ ಬರೆದ ಹೆಸರು ತಪ್ಪು.

ಬಿಡಬೇಕೋ, ಹೇಳಿಕೊಡಬೇಕೋ

ಇಳಿಜಾರು ಮತ್ತು ಚೆಂಡನ್ನೇ ಇಟ್ಟುಕೊಂಡು 2004ರಲ್ಲಿ ಡೇವಿಡ್ ಕ್ಲಾರ್ ಮತ್ತು ಮಿಲೆನಾ ನಿಗಮ್ ನಡೆಸಿದ ಪ್ರಯೋಗ ಹಾಕಿನ್ಸ್ ಪಂಥದವರ ನಿದ್ದೆಗೆಡಿಸಿತು. ಮೂರು ಮತ್ತು ನಾಲ್ಕನೇ ತರಗತಿಯ 112 ಮಕ್ಕಳು. ಚೆಂಡು ಎಷ್ಟು ದೂರ ಹೋಗುತ್ತದೆ ಎಂಬುದು ಇಳಿಜಾರಿನ ಎತ್ತರ, ನೆಲದ ಒರಟುತನ, ಬಿಟ್ಟ ಜಾಗ, ಚೆಂಡಿನ ಬಗೆ ಇವುಗಳಲ್ಲಿ ಯಾವುದರಿಂದ ಎಂದು ಕಂಡುಹಿಡಿಯಬೇಕು. ಅರ್ಧ ಮಕ್ಕಳಿಗೆ ‘ಒಂದು ಸಲಕ್ಕೆ ಒಂದನ್ನೇ ಬದಲಿಸು’ ಎಂದು ತೋರಿಸಿಕೊಟ್ಟರು, ಉಳಿದರ್ಧಕ್ಕೆ ಸ್ವತಃ ಮಾಡಿ ನೋಡಲು ಬಿಟ್ಟರು. ಹೇಳಿಸಿಕೊಂಡವರಲ್ಲಿ ಕಲಿತವರು ಬಹಳ ಹೆಚ್ಚು. ತಾವೇ ಕಂಡುಕೊಂಡ ಕೆಲವರು ಮುಂದೆ ಬೇರೆಯವರಿಗಿಂತ ಮೇಲೇನೂ ಆಗಲಿಲ್ಲ. ಮೂರು ವರ್ಷದ ಬಳಿಕ ಡೀನ್ ಮತ್ತು ಡಿಯಾನಾ ಕೂನ್, ತಿಂಗಳುಗಟ್ಟಲೆ ನೋಡಿದರೆ ಈ ಅಂತರ ಉಳಿಯುವುದಿಲ್ಲ ಎಂದು ಎದುರು ಸಾಕ್ಷ್ಯ ತಂದರು.

ಎರಡೂ ಅಧ್ಯಯನಗಳು ಅಳೆದದ್ದು ಪ್ರಯೋಗ ಕಟ್ಟುವ ಜಾಣ್ಮೆಯನ್ನು, ಬಲದ ತಿಳಿವಳಿಕೆಯನ್ನಲ್ಲ. ಈ ವ್ಯತ್ಯಾಸ ವಾದದ ಭರದಲ್ಲಿ ಎಷ್ಟೋ ಸಲ ಕಳೆದುಹೋಗುತ್ತದೆ. ತಿಳಿವಳಿಕೆಯ ಲೆಕ್ಕ ಬೇಕಾದರೆ ಬಾರ್ಬರಾ ವೈಟ್ ಅವರ ‘ಥಿಂಕರ್‌ಟೂಲ್ಸ್’ ನೋಡಬೇಕು. ಘರ್ಷಣೆಯನ್ನು ಬೇಕಾದಂತೆ ಹೆಚ್ಚಿಸಿ ಇಳಿಸಿ ಆಡುವ ಕಂಪ್ಯೂಟರ್ ಜಗತ್ತಿನಲ್ಲಿ ಪಳಗಿದ ಆರನೇ ತರಗತಿಯ ಮಕ್ಕಳು, ಬಲ ಮತ್ತು ಚಲನೆಯ ಪ್ರಶ್ನೆಗಳಲ್ಲಿ ಹೈಸ್ಕೂಲಿನ ಭೌತವಿಜ್ಞಾನದ ವಿದ್ಯಾರ್ಥಿಗಳನ್ನು ಮೀರಿಸಿದರು ಎಂದು ಅವರು 1993ರಲ್ಲಿ ವರದಿ ಮಾಡಿದರು. ನಮ್ಮಲ್ಲಿ ಅದಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ. ಕೇರಂ ಬೋರ್ಡಿಗೆ ಪೌಡರ್ ಹಾಕದೆ ಒಂದು ಆಟ, ಹಾಕಿ ಒಂದು ಆಟ ಆಡಿಸಿ. ಅದೇ ಬೆರಳು, ಅದೇ ಸ್ಟ್ರೈಕರ್. ಒಳಗಿದ್ದ ಬಲವೇ ಖಾಲಿಯಾಗುವುದಾದರೆ ಪೌಡರ್ ಬಿದ್ದಾಗ ಅದು ಹೆಚ್ಚು ಹೊತ್ತು ಬಾಳಿದ್ದು ಹೇಗೆ ಎಂದು ಆಮೇಲೆ ಕೇಳಿ.

ಯಾವ ತರಗತಿಗೆ?

ಇಂಗ್ಲೆಂಡಿನ ಈಗಿನ ಪಠ್ಯಕ್ರಮ ಮೂರನೇ ವರ್ಷದಲ್ಲೇ ಬೇರೆಬೇರೆ ನೆಲಗಳ ಮೇಲೆ ವಸ್ತುಗಳು ಹೇಗೆ ಚಲಿಸುತ್ತವೆ ಎಂದು ಹೋಲಿಸಲು ಹೇಳುತ್ತದೆ, ಐದನೇ ವರ್ಷದಲ್ಲಿ ಗುರುತ್ವ, ಗಾಳಿ ಮತ್ತು ನೀರಿನ ತಡೆ, ಘರ್ಷಣೆ, ಸನ್ನೆ, ರಾಟೆಗಳಿಗೆ ಬರುತ್ತದೆ. ಅಮೆರಿಕದ 2013ರ ಮಾನದಂಡಗಳು ಕಿಂಡರ್‌ಗಾರ್ಟನ್ನಿನಲ್ಲೇ ನೂಕು-ಎಳೆತ ತಂದು, ಮೂರನೇ ತರಗತಿಗೆ ಸಮತೋಲದ ಮತ್ತು ಅಸಮತೋಲದ ಬಲಗಳನ್ನು ಇಟ್ಟಿವೆ.

ಭಾರತದ ದಾರಿ ಬೇರೆ. ಐದನೇ ತರಗತಿಯವರೆಗೆ ನಮ್ಮಲ್ಲಿ ವಿಜ್ಞಾನವೆಂಬ ಪ್ರತ್ಯೇಕ ವಿಷಯವೇ ಇಲ್ಲ, ಪರಿಸರ ಅಧ್ಯಯನ ಇದೆ. ಎನ್‌ಸಿಇಆರ್‌ಟಿ ಪುಸ್ತಕಗಳಲ್ಲಿ ಚಲನೆ ಕಾಣಿಸುವುದು ಆರರಲ್ಲಿ, ಬಲ ಎಂಟರಲ್ಲಿ, ನ್ಯೂಟನ್‌ನ ನಿಯಮಗಳು ಒಂಬತ್ತರಲ್ಲಿ. ಮಗು ತನ್ನ ಸುತ್ತಣ ಲೋಕವನ್ನು ತುಂಡುಮಾಡಿ ನೋಡಬಾರದು ಎಂಬುದು ಇದರ ಹಿಂದಿನ ವಿಚಾರ. ವಿಚಾರ ಒಳ್ಳೆಯದೇ. ಆಚರಣೆಯಲ್ಲಿ ಪರಿಸರವೆಂದರೆ ಗಿಡ, ಪ್ರಾಣಿ, ನೀರು, ಕುಟುಂಬ ಎಂದಾಗಿ, ಬಾವಿಯ ರಾಟೆ, ಗಾಡಿಯ ಕೀಲೆಣ್ಣೆ, ಚಾಟಿ ಸುತ್ತಿದ ಬುಗುರಿ ಅಂಚಿಗೆ ಸರಿಯುತ್ತವೆ. ಅವೂ ಪರಿಸರವೇ ಅಲ್ಲವೇ?

ಹಾಗೆಂದು ಈ ನೆಲದಲ್ಲಿ ಪ್ರಯತ್ನವೇ ಆಗಿಲ್ಲವೆಂದಲ್ಲ. ಮಧ್ಯಪ್ರದೇಶದಲ್ಲಿ 1972ರಲ್ಲಿ ಶುರುವಾದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮ, ಹಳ್ಳಿಯ ಶಾಲೆಗಳಿಗೆ ಪ್ರಯೋಗದ ಪೆಟ್ಟಿಗೆ ಕೊಟ್ಟು, ಪುಸ್ತಕ ನೋಡಿಕೊಂಡೇ ಪರೀಕ್ಷೆ ಬರೆಯಲು ಬಿಟ್ಟು, ಆರರಿಂದ ಎಂಟರವರೆಗೆ ವಿಜ್ಞಾನ ಕಲಿಸಿತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಅದರ ನಂಟಿನಿಂದಲೇ ಅರವಿಂದ ಗುಪ್ತಾ ಅವರ ಕಡ್ಡಿ-ಟ್ಯೂಬಿನ ಆಟಿಕೆಗಳು ದೇಶ ಸುತ್ತಿದವು. ಮುಂಬೈನ ಹೋಮಿ ಭಾಭಾ ಕೇಂದ್ರ ಇನ್ನೂ ಚಿಕ್ಕ ತರಗತಿಗಳಿಗೆ ‘ಸ್ಮಾಲ್ ಸೈನ್ಸ್’ ಪುಸ್ತಕಮಾಲೆ ತಂದಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಮ್ಮ ನಲಿ-ಕಲಿ ಕಲಿಕಾ ಪದ್ಧತಿಯ ಬಲ ಭಾಷೆ ಮತ್ತು ಲೆಕ್ಕದಲ್ಲಿತ್ತು. ಈ ‘ಬಲ’ವೂ ಬೇರೆಯದೇ, ನೋಡಿ.

ಬಲ, ಶಕ್ತಿ, ಜವ

ಪದದ ತೊಡಕನ್ನು ಹಲವರು ಪಕ್ಕದ ವಿಚಾರವೆಂದು ಬಿಡುತ್ತಾರೆ. ನನಗೆ ಅದು ನಡುಮನೆಯ ವಿಚಾರ. ಗ್ರೀಕಿನಲ್ಲಿ ಭೌತವಿಜ್ಞಾನದ ಬಲಕ್ಕೂ ಮೈಕಟ್ಟಿನ ಬಲಕ್ಕೂ ಒಂದೇ ಪದ. ವೊಸ್ನಿಯಾಡು ಕಂಡ ‘ವಸ್ತುವಿನೊಳಗಿನ ಬಲ’ದಲ್ಲಿ ಆ ಪದದ ಪಾಲೆಷ್ಟು ಎಂಬ ಪ್ರಶ್ನೆ ಏಳುತ್ತದೆ. ಕನ್ನಡದ್ದೂ ಅದೇ ಪಾಡು, ಮೇಲೆ ಬಲಗೈ ಬೇರೆ. ಆಡುಮಾತಿನಲ್ಲಿ ಬಲ, ಶಕ್ತಿ, ತಾಕತ್ತು ಎಲ್ಲ ಒಂದೇ, ಪುಸ್ತಕದಲ್ಲಿ ಬಲ ಬೇರೆ, ಶಕ್ತಿ ಬೇರೆ. ಸಂತೆಯಲ್ಲಿ ಎಲ್ಲವೂ ‘ತೂಕ’, ಪುಸ್ತಕದಲ್ಲಿ ರಾಶಿ ಬೇರೆ, ತೂಕ ಬೇರೆ. ಬಸ್ಸಿನ ‘ವೇಗ’ ಪುಸ್ತಕದಲ್ಲಿ ‘ಜವ’ ಆಗುತ್ತದೆ. ಪಾಠದ ಹೊರಗೆ ಜವ ಎಂದವರನ್ನು ನಾನು ಕಂಡಿಲ್ಲ.

ಆದರೆ ಕ್ರಿಯಾಪದಗಳಿಗೆ ಬಂದರೆ ಕನ್ನಡ ಶ್ರೀಮಂತ. ನೂಕು, ದಬ್ಬು, ಒತ್ತು, ಎಳೆ, ಜಗ್ಗು, ಸೆಳೆ, ಚಿಮ್ಮು, ಜೀಕು, ಉರುಳು, ಜಾರು. ಯಾರು ಯಾರನ್ನು ಎಂದು ಹೇಳದೆ ನೂಕು, ಜಗ್ಗು ಎಂಬ ಪದಗಳನ್ನು ಬಳಸಲೇ ಆಗದು. ನೂಕಿದವರು ಯಾರು, ನೂಕಿಸಿಕೊಂಡವರು ಯಾರು ಎಂಬ ಆ ಜೋಡಿಯೇ ನ್ಯೂಟನ್ ಬೇಡುವುದು, ಕಾರ್ಪ್ಲಸ್ ಬೇಡಿದ್ದೂ ಅದೇ. ಹಗ್ಗಜಗ್ಗಾಟದಲ್ಲಿ ಗೆದ್ದವರು ‘ಹೆಚ್ಚು ಬಲ’ ಉಳ್ಳವರು ಎಂದು ನಾಮಪದ ಹೇಳಿಬಿಡುತ್ತದೆ. ಗಟ್ಟಿಗರ ತಂಡಕ್ಕೆ ಕಾಲುಚೀಲ ಹಾಕಿಸಿ ನುಣುಪು ನೆಲದ ಮೇಲೆ ನಿಲ್ಲಿಸಿ, ಚಿಕ್ಕವರು ಬರಿಗಾಲಲ್ಲಿ ಜಗ್ಗಲಿ. ಗಟ್ಟಿಗರು ಸರ್ರನೆ ಜಾರಿ ಬರುತ್ತಾರೆ. ಹಗ್ಗ ಎರಡೂ ಕಡೆಯವರನ್ನು ಒಂದೇ ಸಮ ಜಗ್ಗುತ್ತಿತ್ತು, ನೆಲ ಯಾರ ಪಾದವನ್ನು ಹಿಡಿದುಕೊಂಡಿತು ಎಂಬುದರ ಮೇಲೆ ಆಟ ನಿಂತಿತ್ತು. ಕೆಳಗಿನ ತರಗತಿಗಳಲ್ಲಿ ‘ಬಲ’ವನ್ನು ತಡಮಾಡಿ, ನೂಕು-ಜಗ್ಗು-ಹಿಡಿ ಎಂಬ ಮಾತುಗಳಲ್ಲೇ ಪಾಠ ಕಟ್ಟಬೇಕು ಎಂದು ನಾನು ಹೇಳುವುದು ಇದಕ್ಕೆ.

ಇತ್ಯರ್ಥವಾಗದ್ದು

ಬೇಗ ಶುರುಮಾಡಿದ್ದು ಉಳಿಯುತ್ತದೆಯೇ? ಮೂರನೇ ತರಗತಿಯಲ್ಲಿ ಗೋಣಿಚೀಲ ಹಾಸಿ ಆಡಿದ ಮಗು ಒಂಬತ್ತರಲ್ಲಿ ಜಡತ್ವದ ಪಾಠ ಬೇಗ ಹಿಡಿಯುತ್ತದೆ ಎಂಬುದು ನಮ್ಮೆಲ್ಲರ ಆಸೆ. ಇದಕ್ಕೆ ಎದುರಾಗಿ ಆಂಡ್ರೂ ಶ್ಟುಲ್ಮನ್ ಅವರ 2012ರ ಅಧ್ಯಯನವಿದೆ. ವಿಜ್ಞಾನ ಓದಿದ ದೊಡ್ಡವರೂ, ಬಾಲ್ಯದ ನಂಬಿಕೆಗೆ ವಿರುದ್ಧವಾದ ಹೇಳಿಕೆ ಕಂಡಾಗ ಉತ್ತರಿಸಲು ಹೆಚ್ಚು ಹೊತ್ತು ತೆಗೆದುಕೊಂಡರು. ಹೊಸದು ಹಳೆಯದನ್ನು ಅಳಿಸುವುದಿಲ್ಲ, ಮೇಲೆ ಕೂತು ಅದುಮಿಡುತ್ತದೆ ಎಂದು ಅದರ ಅರ್ಥ. ಹಾಗಾದರೆ ಚಿಕ್ಕವರಿದ್ದಾಗ ಕಲಿಸಿದರೆ ಅದುಮುವುದು ಸುಲಭವಾಗುತ್ತದೆಯೇ, ಅಥವಾ ಅದಕ್ಕೂ ಇದಕ್ಕೂ ಸಂಬಂಧವಿಲ್ಲವೇ?

ಅರ್ಧಸತ್ಯದ ಪ್ರಶ್ನೆಯೂ ಹಾಗೇ ನಿಂತಿದೆ. ‘ಬಲವೆಂದರೆ ನೂಕು ಅಥವಾ ಎಳೆತ’ ಎಂದು ಕಲಿತ ಮಗು ಮೇಜಿನ ಮೇಲೆ ಸುಮ್ಮನೆ ಕೂತ ಪುಸ್ತಕದಲ್ಲಿ ಬಲ ಕಾಣುವುದಿಲ್ಲ. ಮೆಟ್ಟಿಲಾಗಬೇಕಿದ್ದ ವ್ಯಾಖ್ಯೆ ಹೊಸ್ತಿಲಾಗಿ ಎಡವಿಸುತ್ತದೆ. ಗುರುತ್ವದ ಮಾತೂ ಅಷ್ಟೇ. ಭೂಮಿ ಉರುಟು ಎಂಬುದೇ ಇನ್ನೂ ಮನಸ್ಸಿಗೆ ಇಳಿಯದ ವಯಸ್ಸಿನಲ್ಲಿ ‘ಭೂಮಿ ಸೆಳೆಯುತ್ತದೆ’ ಎಂದರೆ ಅದು ವಿವರಣೆಯೋ, ‘ಬೀಳುತ್ತದೆ’ ಎಂಬುದಕ್ಕೆ ಇನ್ನೊಂದು ಹೆಸರೋ?

ಮತ್ತೆ ಪರೀಕ್ಷೆ. ಭೀಮನ ಹುಡುಗಿಯ ‘ಖಾಲಿಯಾಯ್ತು’ಗೆ ಹತ್ತರಲ್ಲಿ ಎಷ್ಟು ಅಂಕ? ತಪ್ಪುಗಳ ಪಟ್ಟಿ ಹಿಡಿದವರು ಸೊನ್ನೆ ಹಾಕುತ್ತಾರೆ. ಡಿಸೆಸ್ಸಾ ಓದಿದವರು ಐದಾದರೂ ಕೊಡುತ್ತಾರೆ. ಪಿಯಾಜೆ ಆಗಿದ್ದರೆ ಅಂಕವೇ ಕೊಡದೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದ. ‘ಘರ್ಷಣೆಯಿಂದ ನಿಂತಿತು’ ಎಂದು ಬರೆದ ಪಕ್ಕದ ಮಗುವಿಗೆ ಹತ್ತಕ್ಕೆ ಹತ್ತು ಬೀಳುತ್ತದೆ, ಅದು ಗೈಡಿನ ವಾಕ್ಯವೋ ಗೋಣಿಚೀಲದ ಮೇಲೆ ಕಂಡದ್ದೋ ಎಂದು ಉತ್ತರಪತ್ರಿಕೆಯಿಂದ ಹೇಳಲು ಬರುವುದಿಲ್ಲ.